ಮಾಡ್ತೀನಿ ಎಲ್ಲಿ ಮುರಿಯುತ್ತೆ?

ಹೆಬ್ಬಗೋಡಿಯ ನಮ್ಮ ಪಿಜಿಯಲ್ಲಿ ರೂಮ್‌ಮೇಟ್ ಒಬ್ಬ ಆಫೀಸಿಗಾಗಿ ಸ್ಪ್ಯಾನಿಶ್ ಕಲೀತಿದ್ದ, ಬೀದಿಗಾಗಿ ನನ್ನ ಹತ್ರ ಕನ್ನಡ. 'ಆಬ್ಲಾಮೋಸ್' ಅಂದ್ರೆ 'ಮಾತಾಡ್ತೀವಿ'. ಬಾಯಲ್ಲಿ ಅದು ಆ-ಬ್ಲಾ-ಮೋಸ್, ವ್ಯಾಕರಣದಲ್ಲಿ ಆಬ್ಲ್-ಆ-ಮೋಸ್. ಉಚ್ಚಾರ ಒಡೆಯೋ ಜಾಗ ಬೇರೆ, ಅರ್ಥ ಒಡೆಯೋ ಜಾಗ ಬೇರೆ. "ನಿಮ್ಮಲ್ಲೂ ಹಿಂಗೇನಾ?" ಅಂದ.

ನಮ್ಮಲ್ಲಿ ಈ ಲೆಕ್ಕ ಇನ್ನೂ ಹಳೇದು. ನೆಬ್ರಿಹಾ ಸ್ಪ್ಯಾನಿಶ್ ವ್ಯಾಕರಣ ತಂದದ್ದು 1492ರಲ್ಲಿ. ಕೇಶಿರಾಜನ 'ಶಬ್ದಮಣಿದರ್ಪಣ' ಸುಮಾರು 1260ರದ್ದು. ಅವನ ದಾರಿಯಲ್ಲಿ 'ಮಾಡಿದಪೆಂ' ಅನ್ನೋದನ್ನು ಬಿಡಿಸಿದರೆ ಮೊದಲು ಧಾತು, ಆಮೇಲೆ ಕಾಲ ಹೇಳುವ 'ದಪ', ಕೊನೆಗೆ 'ನಾನು' ಅಂತ ತೋರಿಸುವ 'ಎಂ'. ತಮಾಷೆ ಅಂದ್ರೆ ಸೂತ್ರಗಳಿರೋದು ಕಂದಪದ್ಯದಲ್ಲಿ. ಪಾಪ, ಪ್ರತ್ಯಯ ಬಿಡಿಸುತ್ತಲೇ ಮಾತ್ರೆಯನ್ನೂ ಎಣಿಸಬೇಕಿತ್ತು!

ಹೊಸಗನ್ನಡದ ಹೊತ್ತಿಗೆ 'ದಪ' ಮಾಯ, ಅದರ ಜಾಗದಲ್ಲಿ 'ಉತ್ತ': ಮಾಡು-ಉತ್ತ-ಏನೆ. ಅಕ್ಷರ ಎಣಿಸಿದರೆ ಮಾ-ಡು-ತ್ತೇ-ನೆ, ನಾಲ್ಕು. ಛಂದಸ್ಸಿನವರು ಇಲ್ಲಿ 'ಡು'ವನ್ನೂ ಗುರು ಅಂತಾರೆ, ಮುಂದೆ ಒತ್ತಕ್ಷರ ಇದೆಯಲ್ಲ.

ರೂಮ್‌ಮೇಟ್ ಪುಸ್ತಕ ನೋಡಿ 'ಮಾಡುತ್ತೇನೆ' ಅಂದಾಗ ಬೇಕರಿಯಲ್ಲಿ ನಕ್ಕರು. 'ಮಾಡ್ತೀನಿ' ಅಂದಾಗ ನಾನೇ ತಿದ್ದಿದ್ದೆ, ಅದು ಕೆಟ್ಟ ಕನ್ನಡ ಅಂತ. ತಪ್ಪು ನನ್ನದೇ. ಮಾ-ಡ್ತೀ-ನಿಯಲ್ಲಿ ಒಂದು ಅಕ್ಷರ ಬಿದ್ದುಹೋಗಿದೆ ನಿಜ, ಆದರೆ ಧಾತು, ಕಾಲ, 'ನಾನು' ಮೂರೂ ಹಾಗೇ ಇವೆ: ಮಾಡ್-ತ್-ಈನಿ. 'ದಪ' ಪೂರ್ತಿ ಹೋದಾಗಲೇ ಯಾರೂ ಅತ್ತಿಲ್ಲ, ಒಂದು ಉಕಾರಕ್ಕೆ ನಾನ್ಯಾಕೆ ಮೂಗು ಮುರಿದೆನೋ!

ಅವತ್ತು ರಾತ್ರಿಯೇ ಅವನಿಗೆ ಹೇಳಿದೆ. ಈಗ ಬೇಕರಿಯಲ್ಲಿ ಜೋರಾಗೇ ಅಂತಾನೆ, "ಅಣ್ಣಾ, ಫೋನ್‌ಪೇ ಮಾಡ್ತೀನಿ."