ಕಲಿಸುವ ಕೈ ಮೊದಲು ಕಲಿಯಲಿ

ಮಕ್ಕಳ ವಿಜ್ಞಾನ ಪಾಠದ ಮಾತು ಬಂದಾಗ ನಾವು ಸಾಮಾನ್ಯವಾಗಿ ಅಂಕಗಳನ್ನು ವಿಚಾರಿಸುತ್ತೇವೆ, ಶಾಲೆಯಲ್ಲಿ ಪ್ರಯೋಗಾಲಯವಿದೆಯೇ ಎಂದು ಕೇಳುತ್ತೇವೆ. ಆ ಪಾಠವನ್ನು ಬೋಧಿಸುವವರು ತಮ್ಮ ತರಬೇತಿಯ ದಿನಗಳಲ್ಲಿ ಆ ಪ್ರಯೋಗವನ್ನು ಸ್ವತಃ ಮಾಡಿ ನೋಡಿದ್ದರೇ ಎಂದು ಕೇಳುವವರು ವಿರಳ. ರಾಷ್ಟ್ರಗಳು ಒಟ್ಟುಗೂಡಿ ಈ ಪ್ರಶ್ನೆಯತ್ತ ಹೊರಳಿದ್ದರ ಹಿಂದೆ ಎರಡನೆಯ ಮಹಾಯುದ್ಧದ ವಿನಾಶದ ಕಥೆಯಿದೆ.

ಯುದ್ಧ ಮುಗಿದಾಗ ಯೂರೋಪ್ ಮತ್ತು ಏಷ್ಯಾ ಖಂಡಗಳ ಅಸಂಖ್ಯಾತ ಶಾಲೆಗಳು ನೆಲಸಮವಾಗಿದ್ದವು. ಗಾಜಿನ ನಳಿಕೆಗಳಿರಲಿಲ್ಲ, ತಕ್ಕಡಿಗಳಿರಲಿಲ್ಲ. ಆದರೆ ಕಲಿಯಬೇಕಾದ ಮಕ್ಕಳಿದ್ದರು. 1945ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಯುನೆಸ್ಕೋ ಸಂಸ್ಥೆಯ ಸಂವಿಧಾನಕ್ಕೆ ಅಂಗೀಕಾರ ದೊರೆಯಿತು. 1948ರಲ್ಲಿ ಈ ಸಂಸ್ಥೆ ಒಂದು ಕಿರುಹೊತ್ತಗೆಯನ್ನು ಹೊರತಂದಿತು. ಧ್ವಂಸಗೊಂಡ ದೇಶಗಳ ವಿಜ್ಞಾನ ಶಿಕ್ಷಕರಿಗೆ ಸಲಹೆಗಳು ಎಂಬುದೇ ಅದರ ಶೀರ್ಷಿಕೆ. ಬರೆದವರು ಲಂಡನ್ನಿನ ಶಾಲಾಶಿಕ್ಷಕ ಜೆ.ಪಿ. ಸ್ಟೀಫನ್‌ಸನ್. ಕೈಗೆ ಸಿಗುವ ಸಾಮಾನ್ಯ ವಸ್ತುಗಳಿಂದಲೇ ಉಪಕರಣಗಳನ್ನು ತಯಾರಿಸುವ ಬಗೆಯನ್ನು ಅವರು ತಿಳಿಸಿಕೊಟ್ಟರು.

ಯುದ್ಧದಿಂದ ನಲುಗಿದ ನಾಡುಗಳಿಗಾಗಿ ಬರೆದ ಆ ಪುಸ್ತಕವು, ಎಂದೂ ಪ್ರಯೋಗಾಲಯವನ್ನೇ ಕಾಣದ ನಾಡುಗಳಿಗೂ ಉಪಯುಕ್ತವೆಂದು ಬೇಗನೆ ಮನವರಿಕೆಯಾಯಿತು. ಅದನ್ನು ವಿಸ್ತರಿಸಿ 1956ರಲ್ಲಿ ವಿಜ್ಞಾನ ಬೋಧನೆಯ ಆಕರಗ್ರಂಥವನ್ನು ಯುನೆಸ್ಕೋ ಪ್ರಕಟಿಸಿತು. ಮುಂದೆ ಅದು ಅನೇಕ ಭಾಷೆಗಳಿಗೆ ಅನುವಾದಗೊಂಡಿತು. 1973ರಲ್ಲಿ ಪರಿಷ್ಕೃತ ರೂಪವೂ ಬಂದಿತು. ಗಾಳಿ, ನೀರು, ಸಸ್ಯ, ಬೆಳಕು, ಕಾಂತತ್ವ, ಮಾನವ ದೇಹ ಎಲ್ಲವೂ ಅದರಲ್ಲಿದ್ದವು. ಅದು ಕೇವಲ ಕೆಲಸದಲ್ಲಿರುವ ಶಿಕ್ಷಕರಿಗಾಗಿ ರಚಿತವಾದ ಗ್ರಂಥವಲ್ಲ. ಶಿಕ್ಷಕರ ತರಬೇತಿ ಸಂಸ್ಥೆಗಳಲ್ಲಿ ಬೋಧನಾಕ್ರಮ ಸುಧಾರಿಸಬೇಕೆಂಬುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ನಾಳೆ ಕಲಿಸಲಿರುವವನು ಇಂದು ತನ್ನ ಕೈಯಾರೆ ಮಾಡಿ ಕಲಿಯಬೇಕೆಂಬುದು ಅದರ ತಿರುಳು.

ಇದಕ್ಕೆ ಇಷ್ಟೊಂದು ಮಹತ್ವವೇಕೆ? ನಿಮಗೆ ಪರಿಚಿತವಾದ ಒಂದು ಪ್ರಯೋಗವನ್ನೇ ನೋಡೋಣ. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದ ಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟವನ್ನು ಬೋರಲು ಹಾಕಿದರೆ ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಗಾಳಿಯ ಐದನೆಯ ಒಂದು ಭಾಗದಷ್ಟಿರುವ ಆಮ್ಲಜನಕ ಉರಿದುಹೋಯಿತು, ಆ ಜಾಗಕ್ಕೆ ನೀರು ಬಂತು ಎಂಬ ವಿವರಣೆಯನ್ನು ತಲೆಮಾರುಗಳಿಂದ ಮಕ್ಕಳು ಕಂಠಪಾಠ ಮಾಡಿದ್ದಾರೆ. ಆದರೆ ಗಮನವಿಟ್ಟು ಮಾಡಿ ನೋಡಿದವರಿಗೆ ಬೇರೆಯೇ ಕಾಣುತ್ತದೆ. ಲೋಟವನ್ನು ಇಡುವಾಗ ಬಿಸಿಗಾಳಿ ಹಿಗ್ಗಿ ಅಂಚಿನಿಂದ ಗುಳ್ಳೆಗಳಾಗಿ ಹೊರಬರುವುದುಂಟು. ನೀರು ರಭಸದಿಂದ ಏರುವುದು ಬತ್ತಿ ಆರಿದ ಮೇಲೆ, ಒಳಗಿನ ಗಾಳಿ ತಣಿದು ಕುಗ್ಗಿದಾಗ. ಒಂದು ಬತ್ತಿಯ ಬದಲು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲೇರುತ್ತದೆ. ಲೋಟದೊಳಗಿನ ಆಮ್ಲಜನಕವೇನೂ ಮೂರು ಪಟ್ಟು ಆಗಿರುವುದಿಲ್ಲ! ಪುಸ್ತಕವನ್ನಷ್ಟೇ ಓದಿ ಬಂದ ಶಿಕ್ಷಕರು ಆ ತಪ್ಪನ್ನೇ ಮುಂದಿನ ತಲೆಮಾರಿಗೆ ದಾಟಿಸುತ್ತಾರೆ. ಮಾಡಿ ನೋಡಿದವರು ಮಕ್ಕಳ ಮುಂದೆ ಪ್ರಶ್ನೆಯೊಂದನ್ನು ಇಡುತ್ತಾರೆ.

ಇದು ಬಡ ದೇಶಗಳ ಸಮಸ್ಯೆ ಮಾತ್ರವೆಂದು ಭಾವಿಸಬೇಡಿ. ಸಿರಿವಂತ ಫ್ರಾನ್ಸಿನಲ್ಲಿಯೂ 1990ರ ದಶಕದ ಮಧ್ಯದಲ್ಲಿ ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠ ಬಹುಮಟ್ಟಿಗೆ ಹೆಸರಿಗಷ್ಟೇ ಉಳಿದಿತ್ತು. ಅದನ್ನು ಕಂಡು ಮರುಗಿದವರು ಜಾರ್ಜ್ ಶಾರ್ಪಾಕ್. 1924ರಲ್ಲಿ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲೇ ಫ್ರಾನ್ಸಿಗೆ ವಲಸೆ ಬಂದು, 1944ರಲ್ಲಿ ದಾಖೌ ಯಾತನಾ ಶಿಬಿರಕ್ಕೆ ತಳ್ಳಲ್ಪಟ್ಟು ಬದುಕುಳಿದವರು. 1992ರಲ್ಲಿ ಭೌತವಿಜ್ಞಾನದ ನೊಬೆಲ್ ಪುರಸ್ಕಾರ ಪಡೆದವರು. ಮತ್ತೊಬ್ಬ ನೊಬೆಲ್ ವಿಜ್ಞಾನಿ ಲಿಯೋನ್ ಲೆಡರ್‌ಮನ್ ಶಿಕಾಗೋ ನಗರದ ಶಾಲೆಗಳಲ್ಲಿ ನಡೆಸುತ್ತಿದ್ದ ಕೆಲಸವನ್ನು ಕಂಡು ಬಂದ ಅವರು, ಪಿಯೆರ್ ಲೇನಾ ಮತ್ತು ಇವ್ ಕೇರೆ ಅವರೊಡನೆ 1996ರಲ್ಲಿ ಒಂದು ಆಂದೋಲನವನ್ನು ಆರಂಭಿಸಿದರು. ಅದರ ಫ್ರೆಂಚ್ ಹೆಸರಿನ ಅರ್ಥ ‘ಹಿಟ್ಟಿನಲ್ಲಿ ಕೈ’. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಮಗು ಮೊದಲು ಊಹಿಸುತ್ತದೆ, ಬಳಿಕ ಮಾಡಿ ನೋಡುತ್ತದೆ, ಕಂಡದ್ದನ್ನು ತನ್ನದೇ ಮಾತಿನಲ್ಲಿ ಪುಸ್ತಕದಲ್ಲಿ ಬರೆದು ಗೆಳೆಯರೊಡನೆ ಚರ್ಚಿಸುತ್ತದೆ. ಶಿಕ್ಷಕರ ಅಳುಕನ್ನು ನೀಗಿಸಲು ವಿಜ್ಞಾನಿಗಳೂ ವಿಜ್ಞಾನದ ವಿದ್ಯಾರ್ಥಿಗಳೂ ಅವರ ಜೊತೆಗೆ ನಿಂತರು. ಈ ವಿಧಾನ ಗಡಿಗಳನ್ನು ದಾಟಿತು. 2006ರಲ್ಲಿ ಆರಂಭವಾದ ‘ಪೋಲೆನ್’ ಯೋಜನೆಯಲ್ಲಿ ಯೂರೋಪಿನ 12 ನಗರಗಳು ಪಾಲ್ಗೊಂಡವು. ವ್ಯಾಟಿಕನ್ನಿನ ಪೋಪ್ ವಿಜ್ಞಾನ ಅಕಾಡೆಮಿಯೂ 2001ರ ನವೆಂಬರಿನಲ್ಲಿ ವಿಜ್ಞಾನ ಶಿಕ್ಷಣದ ವಿಷಯವಾಗಿ ವಿಚಾರಗೋಷ್ಠಿ ನಡೆಸಿತೆಂಬುದು ನಮಗೆ ಸಂತಸದ ಸಂಗತಿ.

ಶಿಕ್ಷಕರಾಗಲಿರುವವರನ್ನು ರೂಪಿಸುವ ಈ ಕಾರ್ಯದಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರಗಳ ಕಾಲೇಜುಗಳ ಸಾಲಿನಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ತಲೆಯೆತ್ತಿತು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯ ಈ ಕಾಲೇಜುಗಳಿಗೆ ನೆರವು ನೀಡಿತು. ವಿಜ್ಞಾನವನ್ನೂ ಅದನ್ನು ಕಲಿಸುವ ಕಲೆಯನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೇ ಕಲಿಯುವ ಪದವಿಗೆ ಅಲ್ಲಿ ದಾರಿಯಾಯಿತು.

ಪ್ರಭು ಯೇಸು ಹೇಳಿದ ಹುಳಿಹಿಟ್ಟಿನ ಸಾಮತಿ ನಿಮಗೆ ನೆನಪಿರಬಹುದು. ಹುಳಿ ಸ್ವಲ್ಪವೇ ಆದರೂ ಕಣಕವೆಲ್ಲ ಹುದುಗುತ್ತದೆ. ಆದರೆ ಆ ಮಹಿಳೆ ಅದನ್ನು ತನ್ನ ಕೈಯಿಂದ ಕಲಸಲೇಬೇಕಾಯಿತು. ಒಬ್ಬ ಶಿಕ್ಷಕಿ ತನ್ನ ಸೇವಾವಧಿಯಲ್ಲಿ ನೂರಾರು ಮಕ್ಕಳನ್ನು ಮುಟ್ಟುತ್ತಾಳೆ. ಆಕೆಯ ಅರಿವು ಎಂಥದೋ ಆ ಮಕ್ಕಳ ಅರಿವೂ ಅಂಥದೇ ಆಗುವುದು ಸಹಜ.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಿಂದ ಯುವಕ ಯುವತಿಯರು ಇಂದಿಗೂ ಶಿಕ್ಷಕ ವೃತ್ತಿಗೆ ಹೊರಡುತ್ತಾರೆ. ಅವರು ತರಬೇತಿಗೆ ಹೊರಟಾಗ ಪ್ರಮಾಣಪತ್ರವೊಂದನ್ನೇ ಬಯಸದೆ, ಮಾಡಿ ನೋಡುವ ಧೈರ್ಯವನ್ನೂ ಗಳಿಸಿ ಬರಲೆಂದು ಹರಸೋಣ. ಮನೆಯಲ್ಲಿ ಮಗು ತಟ್ಟೆ, ನೀರು, ಬತ್ತಿ ಕೇಳಿದಾಗ ಗದರಿಸದೆ, ಪಕ್ಕದಲ್ಲಿ ಕುಳಿತು ನಾವೂ ನೋಡೋಣ. ಸೃಷ್ಟಿಕರ್ತನ ಕೈಕೆಲಸವನ್ನು ಅರಿಯುವ ದಾರಿಯಲ್ಲಿ ಅದೂ ಒಂದು ಹೆಜ್ಜೆಯಲ್ಲವೇ?