ಮುನ್ಸೂಚನೆ ಮತ್ತು ಮನೆಬಾಗಿಲು: ಬಾಂಗ್ಲಾದೇಶದ ಚಂಡಮಾರುತ ಸಿದ್ಧತೆಯ ಒಂದು ಅವಲೋಕನ

1970ರ ನವೆಂಬರ್ 12ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಅಪ್ಪಳಿಸಿದ ಭೋಲಾ ಚಂಡಮಾರುತಕ್ಕೆ ಬಲಿಯಾದವರು ಕನಿಷ್ಠ 3 ಲಕ್ಷ ಎಂಬುದು ಸಾಮಾನ್ಯ ಅಂದಾಜು. ಬಿರುಗಾಳಿಯ ಸುದ್ದಿ ರೇಡಿಯೊದಲ್ಲಿ ಬಂದಿತ್ತು, ಬಹಳಷ್ಟು ಜನರ ಕಿವಿಗೂ ಬಿದ್ದಿತ್ತು. ಆದರೆ ಅದನ್ನು ನಂಬಿ ಹೊರಟವರು ಕಡಿಮೆ. ಹೊರಟರೂ ಸೇರಿಕೊಳ್ಳಲು ಎತ್ತರದ ಜಾಗ ಅಪರೂಪ.

ಈ ಅನುಭವದಿಂದ ರೆಡ್ ಕ್ರಾಸ್ 1972ರಲ್ಲಿ ಚಂಡಮಾರುತ ಸಿದ್ಧತಾ ಕಾರ್ಯಕ್ರಮವನ್ನು ಆರಂಭಿಸಿತು. ಮರುವರ್ಷ ಬಾಂಗ್ಲಾದೇಶ ಸರ್ಕಾರ ಕೈಜೋಡಿಸಿತು. ಇಂದು ಅದರಲ್ಲಿ ಸುಮಾರು 76 ಸಾವಿರ ಸ್ವಯಂಸೇವಕರಿದ್ದಾರೆ. ಅವರೆಲ್ಲ ಸಂಬಳವಿಲ್ಲದೆ ದುಡಿಯುವ ಊರಿನವರೇ. ಅಪಾಯ ಹೆಚ್ಚಿದಂತೆ ಕಂಬದ ಮೇಲಿನ ಬಾವುಟಗಳೂ ಹೆಚ್ಚುತ್ತವೆ. ಮೂರು ಹಾರಿದರೆ ಮಹಾ ಅಪಾಯ. ಮೆಗಾಫೋನ್ ಹಿಡಿದವರು ಓಣಿ ಓಣಿ ಸುತ್ತುತ್ತಾರೆ. ಹವಾಮಾನ ಇಲಾಖೆಯ ಮಾತಿಗೆ ಏಳದವರು ಪಕ್ಕದ ಮನೆಯ ಹುಡುಗ ಬಂದು ಕರೆದರೆ ಏಳುತ್ತಾರೆ; ಕಾರ್ಯಕ್ರಮದ ಬಲ ಇರುವುದು ಇಲ್ಲೇ.

ಎದ್ದು ಹೊರಡುವುದು ಮಾತ್ರ ಅಷ್ಟು ಸುಲಭವಲ್ಲ. ಕೊಟ್ಟಿಗೆಯಲ್ಲಿ ದನ ಇದೆ, ಬಾಗಿಲು ಬಿಟ್ಟು ಹೋದರೆ ಕಳ್ಳರ ಭಯ. ಗಂಡಸರಿಂದ ತುಂಬಿದ, ಪ್ರತ್ಯೇಕ ಶೌಚಾಲಯವಿಲ್ಲದ ಆಶ್ರಯ ಕಟ್ಟಡದಲ್ಲಿ ಹೆಂಗಸರು ರಾತ್ರಿ ಕಳೆಯಬೇಕು. 1991ರ ಏಪ್ರಿಲ್ 29ರ ಚಂಡಮಾರುತದಲ್ಲಿ ಸತ್ತ ಸುಮಾರು 1.38 ಲಕ್ಷ ಮಂದಿಯಲ್ಲಿ ಹೆಂಗಸರ ಪ್ರಮಾಣ ಗಂಡಸರಿಗಿಂತ ಬಹಳ ಹೆಚ್ಚು. ಮನೆ ಬಿಟ್ಟು ಹೊರಡದಿರುವುದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅಧಿಕಾರಿಗಳಿಗೆ ಅನುಕೂಲ. ಮನೆಯಲ್ಲೇ ಉಳಿದವರ ಲೆಕ್ಕಾಚಾರದಲ್ಲಿ ತರ್ಕವಿತ್ತು, ಸಿದ್ಧತೆಯ ಯೋಜನೆ ಆ ತರ್ಕಕ್ಕೆ ಉತ್ತರ ಕೊಟ್ಟಿರಲಿಲ್ಲ. ದನಕರುಗಳಿಗೂ ಜಾಗವಿರುವ ‘ಕಿಲ್ಲಾ’ ಎಂಬ ಮಣ್ಣಿನ ದಿಬ್ಬಗಳು, ಹೆಂಗಸರಿಗೆ ಬೇರೆ ಕೋಣೆ, ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರು: ಈಗ ಕಾಣುವ ಈ ಏರ್ಪಾಡುಗಳೇ ಆ ಉತ್ತರ.

2007ರ ನವೆಂಬರ್‌ನ ಸಿಡ್ರ್ ಚಂಡಮಾರುತದಲ್ಲಿ ಸತ್ತವರು ಸುಮಾರು 3,400. ಈ ಇಳಿಕೆಯ ಶ್ರೇಯಸ್ಸೆಲ್ಲ ಸ್ವಯಂಸೇವಕರದಲ್ಲ. ನಿಖರ ಮುನ್ಸೂಚನೆ, ಒಡ್ಡುಗಳು, ಹೆಚ್ಚಿದ ಆಶ್ರಯ ಕಟ್ಟಡಗಳಿಗೂ ಅದರಲ್ಲಿ ಪಾಲಿದೆ. ಆದರೆ ಮನೆಯವರನ್ನು ಹೊರಡಿಸುವವರಿಲ್ಲದಿದ್ದರೆ ಆ ಕಟ್ಟಡಗಳು ಖಾಲಿ ಉಳಿಯುತ್ತಿದ್ದವು.

ನಮ್ಮ ಕರಾವಳಿಯಲ್ಲೂ ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯಡಿ ಆಶ್ರಯ ಕಟ್ಟಡಗಳು ಎದ್ದಿವೆ. ಕಟ್ಟಡದ ಬೀಗದ ಕೈ ಯಾರ ಬಳಿ ಇರಬೇಕು, ಹಾಸಿಗೆ ಹಿಡಿದ ಮುದುಕರನ್ನು ಯಾರು ಹೊತ್ತು ತರಬೇಕು, ದನಗಳನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ಗ್ರಾಮ ಪಂಚಾಯಿತಿಗಳು ಮಳೆಗಾಲಕ್ಕೆ ಮೊದಲೇ ಊರವರನ್ನು ಕೂರಿಸಿಕೊಂಡು ತೀರ್ಮಾನಿಸಲಿ.