ಅನ್ನವುಂಟು, ಅಂಶವಿಲ್ಲ

ಕೂಡುಕುಟುಂಬದಲ್ಲಿ ಕುರುಡನೋ ಕಿವುಡನೋ ಆದ ಸೋದರನೊಬ್ಬನಿದ್ದರೆ, ‘ಅವನಿಗೇನು, ಕೂತಲ್ಲಿಗೆ ಊಟ ಬರುತ್ತದೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮೇಲುನೋಟಕ್ಕೆ ಅದು ಕರುಣೆಯ ಮಾತು. ಅದರ ಬೆನ್ನಿಗೆ ಬಹು ಹಳೆಯದೊಂದು ನ್ಯಾಯಸೂತ್ರವಿದೆ.

ಕುಂಟ, ಕುರುಡ, ಹುಚ್ಚ, ಜಡ, ವಾಸಿಯಾಗದ ರೋಗವುಳ್ಳವನು ಇವರನ್ನು ಯಾಜ್ಞವಲ್ಕ್ಯಸ್ಮೃತಿ ನಪುಂಸಕ, ಪತಿತರೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸಿ ‘ಭರ್ತವ್ಯ’ರೆಂದೂ ‘ನಿರಂಶಕ’ರೆಂದೂ ಕರೆಯಿತು. ಎಂದರೆ ಸಾಕತಕ್ಕವರು, ಆದರೆ ಪಾಲಿಲ್ಲದವರು. ಅನ್ನವಸ್ತ್ರ ಕೊಡದವನು ತಾನೇ ಪತಿತನಾಗುತ್ತಾನೆಂದು ಮನು ಎಚ್ಚರಿಸಿದ್ದುಂಟು. ಪತಿತನಿಗೂ ಪಾಲಿಲ್ಲವೆಂಬುದನ್ನು ನೆನೆದರೆ, ಆ ಎಚ್ಚರಿಕೆಯ ಮೊನೆ ಎಷ್ಟು ಹರಿತವೆಂದು ತಿಳಿಯುತ್ತದೆ!

ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದವನು ನಮ್ಮ ಕಲ್ಯಾಣದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯ ಕಾಲ ಅದು. ಮೂಲದ ಸಾಲನ್ನು ಅವನು ಅಳಿಸಲಿಲ್ಲ, ಆದರೆ ಅದರ ಬಿಗಿಯನ್ನು ಸಡಿಲಿಸಿದ. ವಿಭಾಗಕ್ಕೆ ಮುಂಚೆ ದೋಷವಿದ್ದವನಿಗಷ್ಟೇ ಪಾಲು ತಪ್ಪುತ್ತದೆ. ಪಾಲು ಪಡೆದ ಮೇಲೆ ಕಣ್ಣು ಕಳೆದುಕೊಂಡವನಿಂದ ಅದನ್ನು ಕಸಿಯುವಂತಿಲ್ಲ. ವಿಭಾಗವಾದ ಬಳಿಕ ಔಷಧದಿಂದ ದೋಷ ನೀಗಿದರೆ, ವಿಭಾಗಾನಂತರ ಹುಟ್ಟಿದ ಮಗನಂತೆ ಅವನಿಗೂ ಅಂಶ ದೊರೆಯಬೇಕು. ದೋಷವಿಲ್ಲದ ಮಕ್ಕಳಿಗಂತೂ ಮೂಲಸ್ಮೃತಿಯಲ್ಲೇ ಪಾಲುಂಟು. ಕುರುಡನಾದುದರಿಂದ ಪಟ್ಟ ತಪ್ಪಿದ ಧೃತರಾಷ್ಟ್ರನ ಮಗ ರಾಜ್ಯವನ್ನು ಕೇಳಿದನಲ್ಲವೆ? ಈ ನಿಯಮವನ್ನು ಬಲ್ಲ ವಕೀಲನೊಬ್ಬ ಸಿಕ್ಕಿದ್ದರೆ ದುರ್ಯೋಧನನ ವಾದಕ್ಕೆ ತುಸು ಬಲ ಬರುತ್ತಿತ್ತೇನೋ!

1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದ. ಪಂಡಿತರ ಗ್ರಂಥ ಅಲ್ಲಿಂದ ಕೋರ್ಟಿನ ಕೈಪಿಡಿಯಾಯಿತು. ಪಾಲಿನ ದಾವೆಗಳಲ್ಲಿ, ಎದುರಾಳಿ ಕುರುಡನೆಂಬುದೇ ಒಂದು ಪ್ರತಿವಾದವಾಯಿತು. ಕುರುಡು ಹುಟ್ಟಿನಿಂದಲೇ ಬಂದಿರಬೇಕು, ಕುಷ್ಠ ಉಗ್ರಸ್ವರೂಪದ್ದಾಗಿರಬೇಕು ಎಂದು ನ್ಯಾಯಾಲಯಗಳು ನಿಯಮವನ್ನು ಕಿರಿದುಗೊಳಿಸಿದುವು ನಿಜ. ಆದರೂ ಒಬ್ಬನ ಕಣ್ಣು ಯಾವಾಗ ಹೋಯಿತೆಂಬುದು ಜಮೀನಿನ ಪ್ರಶ್ನೆಯಾಗಿ ಸಾಕ್ಷಿಕಟ್ಟೆ ಹತ್ತಿದುದು ತಪ್ಪಲಿಲ್ಲ. ವಿಜ್ಞಾನೇಶ್ವರನ ಉದಾರತೆಗಿಂತ ಅವನು ಉಳಿಸಿದ ಸಾಲೇ ದಾಯಾದಿಗಳಿಗೆ ಹೆಚ್ಚು ಒದಗಿತೆಂದು ನನ್ನ ಅನಿಸಿಕೆ.

1928ರ 12ನೆಯ ಕಾಯಿದೆ ಈ ಅನರ್ಹತೆಯನ್ನು ಬಹುಮಟ್ಟಿಗೆ ತೊಡೆಯಿತು. ಆದರೆ ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಹೊರಗೇ ಉಳಿಸಿತು. ಬಂಗಾಳದ ದಾಯಭಾಗ ಪದ್ಧತಿಯವರಿಗೆ ಅನ್ವಯಿಸಲಿಲ್ಲ. ದೇವಸ್ಥಾನದ ಅಧಿಕಾರ, ಸೇವೆಗಳ ವಿಷಯದಲ್ಲಿ ಹೊಸ ಹಕ್ಕನ್ನೇನೂ ಕೊಡಲಿಲ್ಲ. ರೋಗ, ದೋಷ, ವಿಕಾರ ಯಾವುದರಿಂದಲೂ ಉತ್ತರಾಧಿಕಾರ ತಪ್ಪದೆಂಬ ಮಾತು ಬರಲು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮಿನವರೆಗೆ ಕಾಯಬೇಕಾಯಿತು. ಕಲ್ಯಾಣದ ಪಂಡಿತನಿಂದ ಇಲ್ಲಿಗೆ ಎಂಟು ಶತಮಾನಗಳಿಗೂ ಮಿಗಿಲು.

ಅಂಗವಿಕಲರ 1995ರ ಕಾಯಿದೆ ಶಿಕ್ಷಣ, ಉದ್ಯೋಗಗಳನ್ನು ಕುರಿತದ್ದು. ಸರ್ಕಾರಿ ಹುದ್ದೆಗಳಲ್ಲಿ ಅದು ಇರಿಸಿದ ಶೇಕಡಾ 3ರ ಮೀಸಲು 2016ರ ಕಾಯಿದೆಯಲ್ಲಿ 4 ಆಯಿತು. ಪತ್ರಿಕೆಗಳು ಇದನ್ನೇ ಹೆಚ್ಚಾಗಿ ಬರೆದುವು. ನಮ್ಮ ಕಥೆಗೆ ಬೇಕಾದುದು 2016ರ ಕಾಯಿದೆಯ 13ನೆಯ ಕಲಮು. ಅಂಗವಿಕಲರು ಇತರರಂತೆಯೇ ಆಸ್ತಿಯನ್ನು ಹೊಂದಬಹುದು, ಉತ್ತರಾಧಿಕಾರದಿಂದ ಪಡೆಯಬಹುದು, ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳಬಹುದು ಎನ್ನುತ್ತದೆ ಅದು. ಅವರಿಗೆ ನೆರವಾಗುವವನ ಸ್ವಂತ ಹಿತಕ್ಕೂ ಅವರ ಹಿತಕ್ಕೂ ಯಾವುದೇ ಆಸ್ತಿವ್ಯವಹಾರದಲ್ಲಿ ಘರ್ಷಣೆ ಬಂದರೆ, ಆ ವ್ಯವಹಾರದ ಮಟ್ಟಿಗೆ ಅವನು ನೆರವಿನಿಂದ ಹಿಂದೆ ಸರಿಯಬೇಕು. ಅನ್ನವಿಕ್ಕಿದ ಅಣ್ಣನೇ ಹಕ್ಕುಬಿಡುಗಡೆ ಪತ್ರಕ್ಕೆ ತಮ್ಮನ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳಲು ಹೊರಟಾಗ ಕೇಳಬೇಕಾದುದು ಈ ಕಲಮನ್ನೇ. ರಕ್ತಸಂಬಂಧಿ ಎಂದ ಮಾತ್ರಕ್ಕೆ ಅವನನ್ನು ಅನುಮಾನಿಸತಕ್ಕದ್ದಲ್ಲ ಎಂಬ ಮಾತನ್ನೂ ಕಾಯಿದೆ ಅಲ್ಲಿಯೇ ಸೇರಿಸಿದೆ.